ಬಾಗಲಗುಂಟೆ ಮನೆಯ ಪಕ್ಕದಾಕೆ

ಸ್ವಲ್ಪ ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ಇದು ನಮ್ಮಿಬ್ಬರಲ್ಲೇ ಇರಲಿ, ನನ್ನ ಮಗಳ ಕಿವಿಗಂತೂ ಬೀಳಲೇಬಾರದು.

ಬಾಗಲಗುಂಟೇಲಿ ಮಗಳು ಅಳಿಯ ಒಂದು ಮನೆ ನೋಡಿದ್ರು. ಅಳಿಯನಿಗೆ ಫ್ಯಾಕ್ಟರಿ ಹತ್ರ. ಮಗಳಂತೂ ದೇವರ ಮೂಲೆ ಯಾವುದು ಅಂತ ಆಗಲೇ ಗೊತ್ತುಮಾಡಿಬಿಟ್ಟಿದ್ದಳು. ನಾನಿರೋದೂ ಅವಳ ಜೊತೇಲೇ ತಾನೆ? ಅವರು ಟ್ಯಾಂಕು ನೋಡೋಕೆ ಮಹಡಿ ಹತ್ತಿದ್ರೆ, ನಾನು ಬೀದಿ ಎಂಥದ್ದು ಅಂತ ವಿಚಾರಿಸೋಕೆ ಪಕ್ಕದ ಮನೆಗೆ ಹೋದೆ. ಗೋಡೆಗೆ ಬಳಿದ ಬಣ್ಣ ನೋಡಿ ಯಾರಾದ್ರೂ ಮನೆ ತಗೋತಾರಾ?

ಬಾಗಿಲಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಅವರೆಕಾಯಿ ಸುಲೀತಿದ್ದಳು. ನಾನೂ ಕೂತು ನಾಲ್ಕು ಕಾಯಿ ಸುಲಿದು ಮಾತು ತೆಗೆದೆ.

"ಅಕ್ಕಾ, ಈ ಮನೆ ಮಾರ್ತಿರೋನು ಕುಡುಕನಂತೆ? ಹೆಂಡ್ತಿ ತವರಿಗೆ ಓಡಿಹೋಗಿದ್ಲಂತೆ?"

ನನಗ್ಯಾರೂ ಹಾಗಂತ ಹೇಳಿರಲಿಲ್ಲ. ಹೀಗೆ ಕೆಣಕಿದ್ರೆ ತಾನೇ ಜನ ಬಾಯಿ ಬಿಡೋದು!

ಆಕೆ ತಲೆಯೆತ್ತದೆ ಅಂದಳು, "ಅವನು ನನ್ ತಮ್ಮ."

ಆಮೇಲೆ ಆಕೆಯೇ ಬಿಡಿಸಿ ಹೇಳಿದಳು. ಆ ಸಾಲೆಲ್ಲ ಹಿಂದೆ ಅವರಪ್ಪನ ಹೊಲವಾಗಿತ್ತಂತೆ, ಮನೆಮನೇಲೂ ಒಡಹುಟ್ಟಿದವರೇ ಅಂತೆ. ಈ ಅಕ್ಕ ರುಜು ಹಾಕದೆ ಕ್ರಯಪತ್ರವೇ ಆಗಲ್ಲವಂತೆ! ಮಗಳ ಮನೆ ನನ್ನ ನಾಲಿಗೆಯಿಂದ ಹೋಯ್ತಲ್ಲಪ್ಪ!

"ತಪ್ಪಾಯ್ತಕ್ಕಾ, ನನ್ನ ಮಗಳು ಒಳ್ಳೆಯವಳು, ಅವಳ ಆಸೆಗೆ ಕಲ್ಲು ಹಾಕಬೇಡ" ಅಂತ ಕೈ ಮುಗಿದೆ.

ಆಕೆ ಸೆರಗು ಕೊಡವಿ ಎದ್ದು ನನ್ನ ಮುಖಕ್ಕೇ ಅಂದಳು:

"ನಿನ್ ಮಗಳು ಬರ್ಲಿ ಕಣವ್ವ, ನಾನೇ ಆರತಿ ಎತ್ತಿ ಒಳಕ್ಕೆ ಕರ್ಕೊತೀನಿ. ನೀನು ಮಾತ್ರ ಅಬ್ಬಕ್ಕೆ ಬಂದು, ಉಂಡು, ಸಂಜೆ ಬಸ್ಸಿಗೆ ವಾಪಸ್ ಓಗ್ಬೇಕು. ಒಪ್ಕೊಂಡ್ರೆ ರುಜು ಆಕ್ತೀನಿ."