ಒಂದೇ ಮಂಚದ ಇಬ್ಬರು

ನನಗೆ ಬಾಯಿ ಜಾಸ್ತಿ. ನಮ್ಮ ಅಂಗಡಿ ಮಾಸ್ಟರೂ ಹೇಳುತ್ತಾರೆ, ನನ್ನ ಗಂಡನೂ ಹೇಳುತ್ತಾನೆ, ಹಾಗಾಗಿ ನಿಜವೇ ಇರಬೇಕು. ಈ ಹುಡುಗಿಯ ವಿಷಯದಲ್ಲಿ ಮಾತ್ರ ಅದನ್ನು ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ನಮ್ಮದು ಆಲ್ಟರೇಷನ್ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಉದ್ದ ಇದ್ದದ್ದನ್ನು ಗಿಡ್ಡ ಮಾಡುವುದು, ದೊಗಳೆ ಇದ್ದದ್ದನ್ನು ಬಿಗಿ ಮಾಡುವುದು, ಜಿಪ್ಪು ಬದಲಿಸುವುದು. ಎರಡು ವರ್ಷದ ಹಿಂದೆ ಈ ಹುಡುಗಿ ಬಂದು ನನ್ನ ಪಕ್ಕದ ಮಿಷನ್ನಿಗೆ ಕೂತಳು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಸಂಜೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಹಾಗೇ ಬಸ್ಸು ಹತ್ತಿಬಿಡುತ್ತಿದ್ದಳು. ಎರಡು ಸಲ ಹೀಗಾದ ಮೇಲೆ ನಾನೇ ಟೇಪಮ್ಮ ಅಂತ ಹೆಸರಿಟ್ಟೆ. ಈಗ ಮಾಸ್ಟರೂ ಹಾಗೇ ಕರೆಯುತ್ತಾರೆ.

ಮಧ್ಯಾಹ್ನ ಡಬ್ಬಿ ಬಿಚ್ಚಿದ ಕೂಡಲೇ ಅವಳ ವರದಿ ಶುರು. "ಅಕ್ಕಾ, ಇವತ್ತು ನಮ್ಮ ಪ್ಯಾಂಟು ನೋಡ್ದೆ." ಅಂದರೆ ಇವಳು ಕೆಳಗೆ ಮಡಚಿ ಹೊಲಿದ ಪ್ಯಾಂಟು ಹಾಕಿಕೊಂಡು ಯಾರೋ ರಸ್ತೆ ದಾಟಿದ್ದಾರೆ. "ಎಡಗಾಲು ಚೆನ್ನಾಗಿ ಕೂತಿದೆ. ಬಲಗಾಲು ಒಂದು ಚೂರು ಮೇಲೆ." ಆ ಮನುಷ್ಯನ ಹಿಂದೆ ಎರಡು ಬೀದಿ ನಡೆದಿದ್ದಾಳೆ, ಮಹಾರಾಯ್ತಿ! ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೆ ಅಂತ ಗದರಿದರೆ, "ನನ್ನನ್ನ ಯಾರು ನೋಡ್ತಾರೆ ಬಿಡಿ" ಅಂದಳು. ನಗುತ್ತಲೇ ಅಂದಳು, ನಾನೂ ನಕ್ಕೆ.

ಅವಳ ರೂಮಿನ ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬ ಮುದುಕ ಬೆಕ್ಕಿಗೆ ಪೇಪರ್ ಓದಿ ಹೇಳುತ್ತಾನಂತೆ. ಸಿಗ್ನಲ್ಲಿನಲ್ಲಿ ಬಸ್ಸು ನಿಂತರೆ ಬೇಕರಿಯ ಬಿಸಿ ಬ್ರೆಡ್ಡಿನ ವಾಸನೆ ಕಿಟಕಿಯೊಳಗೆ ಬರುತ್ತದಂತೆ, ಆ ಕಿಟಕಿ ಸೀಟಿಗೋಸ್ಕರ ಒಂದು ಬಸ್ಸು ಬಿಟ್ಟು ಇನ್ನೊಂದು ಹತ್ತುತ್ತಾಳಂತೆ. ನಾನು ಹೂಂಗುಟ್ಟುತ್ತಾ ಉಣ್ಣುತ್ತಿದ್ದೆ. ಅವಳಿಗೆ ಇದನ್ನೆಲ್ಲ ಹೇಳಲು ಬೇರೆ ಯಾರೂ ಇಲ್ಲ ಅನ್ನುವುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಅವಳ ರೂಮೆಂದರೆ ಒಂದು ಮಂಚ, ಒಂದು ಮೇಜು, ಒಂದು ಕಿಟಕಿ, ಗೋಡೆಗೆ ನಾಲ್ಕು ಮೊಳೆ. ಮಂಚ ಒಂದೇ ಆದರೂ ಇರುವವರು ಇಬ್ಬರು. ಇನ್ನೊಬ್ಬಳು ನರ್ಸು, ಖಾಯಂ ರಾತ್ರಿ ಪಾಳಿ. ಬೆಳಗ್ಗೆ ಇವಳು ಹೊರಟ ಮೇಲೆ ಅವಳು ಬಂದು ಮಲಗುತ್ತಾಳೆ, ಸಂಜೆ ಅವಳು ಹೊರಟ ಮೇಲೆ ಇವಳು ಬರುತ್ತಾಳೆ. ಭಾನುವಾರ ಅವಳಿಗೆ ರಜೆ. ಆಸ್ಪತ್ರೆಯಿಂದ ನೇರ ಚಿಕ್ಕಮ್ಮನ ಮನೆಗೆ ಹೋದರೆ ಸೋಮವಾರ ಇವಳು ಕೆಲಸಕ್ಕೆ ಹೊರಟ ಮೇಲೆಯೇ ವಾಪಸು. ಎಂಟು ತಿಂಗಳಲ್ಲಿ ಇಬ್ಬರೂ ಮುಖಾಮುಖಿ ಆದದ್ದು ಬೀಗದ ಕೈ ಹಂಚಿಕೊಂಡ ದಿನ ಮಾತ್ರ.

ಆದರೆ ಟೇಪಮ್ಮನ ಮಾತು ಕೇಳಿದರೆ ಒಡಹುಟ್ಟಿದವರು ಅನ್ನಬೇಕು. "ಇವತ್ತು ಅವರಿಗೆ ಕೆಲಸ ಜಾಸ್ತಿ ಆಗಿದೆ ಅಕ್ಕಾ, ಕೂದಲು ಬಾಚಣಿಗೇಲೇ ಬಿಟ್ಟಿದ್ರು." "ಇವತ್ತು ಖುಷಿಯಾಗಿದ್ರು, ಕಿಟಕಿ ತೆಗೆದಿಟ್ಟಿದ್ರು." ಸಂಜೆ ಮೇಜಿನ ಮೇಲೆ ನರ್ಸು ಬಟ್ಟಲಲ್ಲಿ ಅರ್ಧ ಕಿತ್ತಳೆ ಮುಚ್ಚಿ ಇಟ್ಟಿರುತ್ತಿದ್ದಳಂತೆ, ತೊಳೆ ಬಿಡಿಸಿ, ನಾರು ತೆಗೆದು. ಇವಳಿಗೆ ಅದನ್ನು ನೋಡಿದರೆ ದಿನವೇ ಸಾರ್ಥಕ. ಹಗಲು ಮಲಗುವವರಿಗೆ ಬೆಳಕು ಕುಕ್ಕದಿರಲಿ ಅಂತ ಇವಳು ಕಪ್ಪು ಪರದೆ ಹೊಲಿದು ಹಾಕಿದಳು. ಒಂದು ಮಾತಿಲ್ಲ, ಒಂದು ಚೀಟಿ ಇಲ್ಲ. ಈ ಊರಿನಲ್ಲಿ ತನಗೂ ಒಬ್ಬರಿದ್ದಾರೆ ಅನ್ನುವ ಧೈರ್ಯ ಅವಳಿಗೆ ಅಷ್ಟರಲ್ಲೇ ಇತ್ತು.

ಮೊಳೆಯಲ್ಲಿ ನರ್ಸಿನ ಕಂದು ಕೋಟು ತೂಗುತ್ತಿತ್ತು. ಪಕ್ಕದ ಮೊಳೆಯ ಯೂನಿಫಾರ್ಮ್ ನೋಡಿದರೆ ಸಣ್ಣ ಮೈ, ಕೋಟಿನೊಳಗೆ ಮಾತ್ರ ಇಬ್ಬರು ತೂರಬಹುದು. "ಅಕ್ಕಾ, ಅದನ್ನ ಅವರ ಅಳತೆಗೆ ಬಿಗಿ ಹಿಡಿದು ಕೊಡ್ಲಾ? ಹೇಳದೇ ಮಾಡ್ಲಾ?" ಅಂದಳು.

ನಮ್ಮ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಬಟ್ಟೆಯವರು ಅದನ್ನು ತೊಟ್ಟು, ಕನ್ನಡಿ ಮುಂದೆ ನಿಂತು, "ಇಲ್ಲಿ" ಅಂತ ತೋರಿಸುವ ತನಕ ಒಂದು ಗುಂಡುಪಿನ್ನೂ ಚುಚ್ಚುವ ಹಾಗಿಲ್ಲ. ಇದನ್ನು ಹೇಳಿ ಹೇಳಿ ಹೊಸಬರ ಕಿವಿ ತೂತು ಮಾಡಿದವಳು ನಾನೇ. ಅಂಥವಳು ಅವತ್ತು ಏನಂದೆ ಗೊತ್ತೇ? "ಮಾಡೇ ಹುಡುಗಿ, ಅದನ್ನೂ ಕೇಳ್ತಾರಾ? ಕುಣಿದುಬಿಡ್ತಾಳೆ ನೋಡು!"

ಮಾಡಿದಳು. ಭಾನುವಾರ ಪೂರ್ತಿ ಕೂತು, ಯೂನಿಫಾರ್ಮಿನ ಅಳತೆ ತೆಗೆದು, ಭುಜ, ತೋಳು, ಸೊಂಟ ಮೂರೂ ಹಿಡಿದು, ಇಸ್ತ್ರಿ ಮಾಡಿ ಮೊಳೆಗೆ ಹಾಕಿದಳು. ಸೋಮವಾರ ಸಂಜೆ ಐದಕ್ಕೇ ಅವಳ ಕಾಲು ನಿಲ್ಲುತ್ತಿರಲಿಲ್ಲ. "ಹೋಗೇ, ಹೋಗು, ಮಾಸ್ಟರಿಗೆ ನಾನು ಹೇಳ್ತೀನಿ" ಅಂತ ನಾನೇ ಓಡಿಸಿದೆ.

ಮಂಗಳವಾರ ಅವಳ ಮುಖ ನೋಡಿ ಮಿಷನ್ ನಿಲ್ಲಿಸಿದೆ. ಕೈಯಲ್ಲಿ ಕೋಟು. ಒಂದು ಚೀಟಿ ಕೊಟ್ಟಳು. ಎಂಟು ತಿಂಗಳಲ್ಲಿ ನರ್ಸು ಬರೆದ ಮೊದಲನೇ ಚೀಟಿ.

"ಇದು ನನ್ನ ಅಕ್ಕನ ಕೋಟು. ಅವಳು ತೀರಿಕೊಂಡು ಒಂದು ವರ್ಷ ಆಯಿತು. ಇದನ್ನು ತೊಟ್ಟರೆ ಅವಳು ಎಷ್ಟಿದ್ದಳು ಅಂತ ಗೊತ್ತಾಗುತ್ತಿತ್ತು."

ಅಯ್ಯೋ ದೇವರೇ ಅಂದೆ.

ಹೆಚ್ಚಿನ ಬಟ್ಟೆಯನ್ನು ಅವಳು ಕತ್ತರಿಸಿರಲಿಲ್ಲ, ಒಳಗೇ ಮಡಚಿಟ್ಟಿದ್ದಳು, ಅದೊಂದು ಪುಣ್ಯ. ಎರಡು ಮಧ್ಯಾಹ್ನ ಊಟ ಬಿಟ್ಟು ತನ್ನ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಭಾನುವಾರ ಬಿಚ್ಚಿದ್ದ ಹಳೇ ಹೊಲಿಗೆ ಹೋದ ದಾರಿಯಲ್ಲೇ, ಅದೇ ತೂತಿಗೆ ಸೂಜಿ ಇಳಿಸಿ, ಕೈಯಲ್ಲೇ ಹೊಲಿದಳು. ಮಾಸ್ಟರು ಒಂದು ಸಲ ಬಂದು ನೋಡಿ ಹೋದರು. ಕೋಟು ಮೊದಲಿನಷ್ಟೇ ದೊಡ್ಡದಾಯಿತು. ಆದರೆ ಅವಳ ಸೂಜಿ ಚುಚ್ಚಿದ ಗುರುತು ಸಾಲಾಗಿ ಹಾಗೇ ಉಳಿಯಿತು. ಆವಿ ಹಿಡಿದೆವು, ಉಗುರಲ್ಲಿ ಉಜ್ಜಿದೆವು, ಹೋಗಲಿಲ್ಲ. "ತಪ್ಪಾಯ್ತು, ಕ್ಷಮಿಸಿ" ಅಂತ ಬರೆದು ಕೋಟಿನ ಜೊತೆ ಮೊಳೆಗೆ ಸಿಕ್ಕಿಸಿದಳು.

ಕೋಟು ಮೊಳೆಯಿಂದ ಹೋಯಿತು. ಉತ್ತರ ಬರಲಿಲ್ಲ. ನರ್ಸು ರೂಮು ಬಿಡಲೂ ಇಲ್ಲ. ಹೊದಿಕೆ ಮಡಚಿರುತ್ತದೆ, ನೆಲ ಗುಡಿಸಿರುತ್ತದೆ, ಎಲ್ಲ ಅಚ್ಚುಕಟ್ಟು. ಕಿತ್ತಳೆಯ ಬಟ್ಟಲು ಮಾತ್ರ ತೊಳೆದು ಕವುಚಿ ಹಾಕಿರುತ್ತದೆ.

"ಜಗಳ ಆಡಿದ್ರೂ ಚೆನ್ನಾಗಿತ್ತು ಅಕ್ಕಾ" ಅಂದಳು ಒಂದು ದಿನ. ಪ್ಯಾಂಟಿನ ಸುದ್ದಿ, ಬೆಕ್ಕಿನ ಸುದ್ದಿ ನಿಂತುಹೋಗಿತ್ತು. ಡಬ್ಬಿ ಬಿಚ್ಚುತ್ತಾಳೆ, ಉಣ್ಣುತ್ತಾಳೆ, ಮುಚ್ಚುತ್ತಾಳೆ. ನೀವೇ ಮಾಡು ಅಂದ್ರಿ ಅಂತ ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಕೊಟ್ಟು ಹಗುರ ಆಗುತ್ತಿದ್ದೆ.

ಅವಳನ್ನು ಹಾಗೆ ನೋಡುತ್ತಾ ಕೂತಾಗ ಒಂದು ವಿಷಯ ನೆನಪಾಗಿ ನಾಚಿಕೆಯಾಯಿತು. ನಮ್ಮ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ. ಎರಡು ವರ್ಷ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿದ್ದೇನೆ, ಬಾರೇ ಮನೆಗೆ ಅಂತ ಬಾಯಿಮಾತಿಗೂ ಕರೆದಿಲ್ಲ. ಆ ನರ್ಸಾದರೂ ಕಿತ್ತಳೆ ಇಡುತ್ತಿದ್ದಳು.

"ಈ ಭಾನುವಾರ ನಮ್ಮನೇಗೆ ಊಟಕ್ಕೆ ಬಾರೇ" ಅಂದೆ.

ಕಣ್ಣು ಅರಳಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ತಲೆ ತಗ್ಗಿಸಿ ಮಿಷನ್ನಿಗೆ ದಾರ ಪೋಣಿಸತೊಡಗಿದಳು. "ಈ ಭಾನುವಾರ ಬೇಡ ಅಕ್ಕಾ. ಅವರಿಗೆ ರಜ. ಅಕಸ್ಮಾತ್ ಚಿಕ್ಕಮ್ಮನ ಮನೆಗೆ ಹೋಗದೆ ರೂಮಿಗೇ ಬಂದ್ರೆ? ನಾನು ಇಲ್ಲದೇ ಇದ್ರೆ ಚೆನ್ನಾಗಿರಲ್ಲ."

ಐದು ವಾರದಿಂದ ಕರೆಯುತ್ತಿದ್ದೇನೆ. ಅದೇ ಉತ್ತರ. ಭಾನುವಾರ ಬೆಳಗ್ಗೆಯೇ ಸ್ನಾನ ಮಾಡಿ, ಒಳ್ಳೇ ಬಟ್ಟೆ ಹಾಕಿಕೊಂಡು, ಎರಡು ಲೋಟ ತೊಳೆದಿಟ್ಟು ಕೂತಿರುತ್ತಾಳಂತೆ.

"ಬಂದಿದ್ಲೇನೇ?" ಅಂತ ಸೋಮವಾರ ಕೇಳುತ್ತೇನೆ.

"ಇಲ್ಲ ಅಕ್ಕಾ" ಅನ್ನುತ್ತಾಳೆ. "ಈ ವಾರ ಏನೋ ಕೆಲಸ ಬಂತೇನೋ ಪಾಪ."