ಒಂದು ತೊಳೆಗೆ ಚೌಕಾಸಿ

ಪಪ್ಪಾಯಿ ತಿಂದರೆ ಹೊಟ್ಟೆ ಸಲೀಸು. ಪೇರಲೆಯನ್ನು ಸಿಪ್ಪೆ ಸಮೇತ ತಿನ್ನಬೇಕು. ಸಕ್ಕರೆ ಕಾಯಿಲೆಯವರು ಜ್ಯೂಸ್ ಮಾಡಿಸಿ ಕುಡಿಯಬಾರದು, ಹಣ್ಣನ್ನೇ ಅಗಿದು ತಿನ್ನಬೇಕು, ಅದೂ ಸ್ವಲ್ಪ. ಈಗೀಗ ನರಸಿಂಹರಾಜಪುರದ ಕಡೆಯಿಂದ ರಂಬುಟಾನ್ ಬರುತ್ತದೆ. ಅದರ ಬೀಜ ತಿನ್ನಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳಬೇಕು. ಕೊಪ್ಪದ ಬಸ್ ನಿಲ್ದಾಣದ ಪಕ್ಕ ಹಣ್ಣು ಮಾರುತ್ತಾ ಇಪ್ಪತ್ತು ವರ್ಷ ನಾನು ಇವನ್ನೆಲ್ಲ ಹೇಳುತ್ತಲೇ ಬಂದಿದ್ದೇನೆ. ಶೃಂಗೇರಿಗೆ ಹೋಗುವವರು ಬಸ್ಸಿನ ಕಿಟಕಿಯಿಂದಲೇ ಕೇಳುತ್ತಾರೆ. ಹಣ್ಣು ಕೊಳ್ಳದಿದ್ದರೂ ಸಲಹೆ ಪುಕ್ಕಟೆ. ಸುಸ್ತು ಎಂದವರಿಗೆಲ್ಲ ನನ್ನದು ಒಂದೇ ಮಾತಿತ್ತು: ದಿನಕ್ಕೆರಡು ಬಾಳೆಹಣ್ಣು, ಒಂದು ಎಳನೀರು.

ಗಂಡನಿಗೂ ಅದನ್ನೇ ಕೊಟ್ಟೆ.

ಅವರು ಮರ ಹತ್ತುತ್ತಿದ್ದವರು. ಕಿಗ್ಗ, ಮುತ್ತಿನಕೊಪ್ಪ ಅಂತ ತಿರುಗಿ ಮರದ ಮೇಲಿನ ಹಲಸನ್ನು ನಾನು ಮಾತಾಡಿ ಕುದುರಿಸಿದರೆ, ಅವರು ಹತ್ತಿ, ಒಂದೊಂದನ್ನೂ ತಟ್ಟಿ ನೋಡಿ, ಬಲಿತದ್ದನ್ನು ಮಾತ್ರ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದ ಮೇಲೆ ಅದೆಲ್ಲ ನಿಂತಿತು. ಯಾವ ಹಣ್ಣು ಕೂಡದು ಎಂದು ಆಸ್ಪತ್ರೆಯಲ್ಲಿ ಚೀಟಿ ಬರೆದು ಕೊಟ್ಟಿದ್ದರು. ಹಣ್ಣಿನ ವಿಷಯ ನನಗಿಂತ ಇವರಿಗೆ ಗೊತ್ತೇ ಎಂದುಕೊಂಡು ಚೀಟಿಯನ್ನು ಮಡಚಿಟ್ಟೆ. ಸುಸ್ತಾಗಿ ಮಲಗಿದ್ದವರಿಗೆ ಮೂರು ದಿನ ಎಳನೀರು ಕುಡಿಸಿದೆ, ಬಾಳೆಹಣ್ಣು ತಿನ್ನಿಸಿದೆ.

ನಾಲ್ಕನೇ ದಿನ ಬೆಳಿಗ್ಗೆ ಅವರಿಗೆ ಕಾಲು ಎತ್ತಲಾಗಲಿಲ್ಲ. ಎದೆ ಬಡಿತ ತಪ್ಪುತ್ತಿತ್ತು. ಹಣ್ಣಿನ ಪೊಟ್ಯಾಶಿಯಂ ಹೊರಗೆ ಹೋಗದೆ ರಕ್ತದಲ್ಲೇ ನಿಂತಿದೆ ಎಂದರು ಡಾಕ್ಟರು. ಹೇಗೋ ಉಳಿಸಿಕೊಟ್ಟರು. ನನಗೆ ಅಳು ಬರಲಿಲ್ಲ. ಅವರು ಮನೆಗೆ ಬಂದ ಮರುದಿನ ಅಂಗಡಿ ತೆರೆದು ಅನಾನಸ್ ಹೆಚ್ಚಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡಿತು, ಬಾಯಿ ತನ್ನ ಪಾಡಿಗೆ ಮಾತಾಡಿತು. ಅಂದಿನಿಂದ ಹಾಗೇ ಇದ್ದೇನೆ. ಈಗ ಸುಸ್ತು ಎಂದವರನ್ನು ಮೊದಲು ಕೇಳುವುದು, ಕಿಡ್ನಿ ಸರಿ ಇದೆಯಾ ಅಂತ. ನೀವೂ ಕೇಳಿ.

ಈ ಬೇಸಿಗೆಯಲ್ಲಿ ಗಂಡ ಬಾಯಿ ಬಿಟ್ಟು ಬೇಡಿದ್ದು ಒಂದನ್ನೇ. "ಮಳೆ ಬಿದ್ರೆ ಹಲಸು ನೀರಾಗುತ್ತೆ ಮಾರಾಯ್ತಿ. ಅಷ್ಟ್ರೊಳಗೆ ಒಂದ್ಸಲ ಬಕ್ಕೆ ಹಣ್ಣು ತಿನ್ಬೇಕು." ಬಕ್ಕೆ ಎಂದರೆ ಗಟ್ಟಿ ತೊಳೆಯ ಹಲಸು, ಕಚ್ಚಿದರೆ ಸದ್ದು ಬರುವಂಥದ್ದು.

ಈ ಸಲ ಕದ್ದು ಕೊಡಲಿಲ್ಲ. ಹೋಗಿ ಡಾಕ್ಟರ ಮುಂದೆ ನಿಂತೆ.

"ಆರು ತೊಳೆ, ಡಾಕ್ಟ್ರೇ."

"ಒಂದೂ ಇಲ್ಲಮ್ಮ. ಹೋದ್ಸಲದ್ದು ಮರ್ತೋಯ್ತಾ?"

"ಮರ್ತಿಲ್ಲ. ನಾಲ್ಕು ಮಾಡಿ."

"ಇದೆಂತ, ಸಂತೆ ಅಂದ್ಕೊಂಡ್ರಾ?"

"ಮೂರು. ಸಣ್ಣದೇ ಆರಿಸಿ ತರ್ತೀನಿ."

ಪಕ್ಕದಲ್ಲಿದ್ದ ನರ್ಸ್ ನಕ್ಕುಬಿಟ್ಟರು. "ಇವ್ರ ಹತ್ರ ಹಣ್ಣು ತಗೊಂಡು ನಂಗೆ ಗೊತ್ತು ಡಾಕ್ಟ್ರೇ. ನೀವು ಸೋಲ್ತೀರಿ."

ಡಾಕ್ಟರು ನಗಲಿಲ್ಲ. ರಕ್ತದ ರಿಪೋರ್ಟ್ ತೆಗೆದು ಬಹಳ ಹೊತ್ತು ನೋಡಿದರು. "ಒಂದು. ಡಯಾಲಿಸಿಸ್ ಮಷಿನ್ ಶುರು ಆದ್ಮೇಲೆ, ಇಲ್ಲೇ, ನಮ್ಮ ಕಣ್ಣೆದ್ರಿಗೆ. ಮನೇಲಿ ಅಲ್ಲ. ಇದು ಇವ್ರ ರಿಪೋರ್ಟ್ ನೋಡಿ ಹೇಳಿದ್ದು. ಇದನ್ನೇ ಹೋಗಿ ಊರಿಗೆಲ್ಲ ಉಪದೇಶ ಮಾಡ್ಬೇಡಿ."

ಎದುರಿನವರು ಒಂದು ಸಲ ಇಳಿದ ಮೇಲೆ ಮತ್ತೆ ಎಳೆಯಬಾರದು. ಒಂದಕ್ಕೇ ಒಪ್ಪಿದೆ.

ಕಿಗ್ಗದಲ್ಲಿ ಬೇರೊಬ್ಬನನ್ನು ಮರ ಹತ್ತಿಸಿ ಹಣ್ಣು ತರಿಸಿದೆ. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿದೆ. ಡಾಕ್ಟರು ಒಂದು ಎಂದಿದ್ದರೇ ಹೊರತು ಎಷ್ಟು ದೊಡ್ಡದು ಎಂದಿರಲಿಲ್ಲ. ಹಳೆಯ ನಾನಾಗಿದ್ದರೆ ಅಂಗೈ ಅಗಲದ್ದನ್ನು ಹುಡುಕುತ್ತಿದ್ದೆ. ನಡುಗಾತ್ರದ್ದೊಂದನ್ನು ಡಬ್ಬಿಗೆ ಹಾಕಿದೆ.

ಮಷಿನ್ ತಿರುಗತೊಡಗಿದ ಮೇಲೆ ನರ್ಸ್ ತಲೆಯಾಡಿಸಿದರು. ಗಂಡ ತೊಳೆಯ ತುದಿಯನ್ನು ಕಚ್ಚಿದರು. ಸದ್ದು ನನಗೂ ಕೇಳಿತು.

"ಹೆಂಗಿದೆ?"

"ಎರಡು ದಿನ ಮೊದ್ಲೇ ಕೊಯ್ದಿದ್ದಾನೆ. ತಟ್ಟಿ ನೋಡೋಕೆ ಬರದವ್ನು." ಹಾಗೆನ್ನುತ್ತಲೇ ಪೂರ್ತಿ ತಿಂದರು. "ಇನ್ನರ್ಧ ಕೊಡೆ."

"ಇಲ್ಲ."

"ಡಾಕ್ಟ್ರ ಹತ್ರ ಅಷ್ಟು ಚೌಕಾಸಿ ಮಾಡ್ದವ್ಳು, ನಂಗೆ ಅರ್ಧ ಬಿಡಲ್ವಾ?"

"ನಿಮ್ಗೆ ಒಂದೇ ರೇಟು," ಎಂದು ಖಾಲಿ ಡಬ್ಬಿ ತೋರಿಸಿದೆ.

ತೊಳೆಯೊಳಗಿನ ಬೇಳೆಯನ್ನು ಮಾತ್ರ ಉಗಿಯಲಿಲ್ಲ, ದವಡೆಯಲ್ಲಿಟ್ಟುಕೊಂಡು ಚೀಪುತ್ತಾ ಮಲಗಿದರು. ಕೊಳವೆಯಲ್ಲಿ ಅವರ ರಕ್ತ ಹೋಗಿ ಬರುತ್ತಿತ್ತು. ನಾನು ಅದನ್ನು ನೋಡಲಿಲ್ಲ. ಕೆನ್ನೆಯ ಆ ಉಬ್ಬನ್ನೇ ನೋಡುತ್ತಾ ಕುಳಿತೆ. ರೆಪ್ಪೆ ಬಾಗುತ್ತಾ ಬಂದಾಗ ಎಬ್ಬಿಸಿದೆ.

"ಉಗೀರಿ. ನಿದ್ದೇಲಿ ಗಂಟ್ಲಿಗೆ ಹೋದೀತು."

"ಇನ್ನೂ ರುಚಿ ಇದೆ."

ಅಂಗೈ ಒಡ್ಡಿದೆ. ಉಗಿದರು. ಬೇಳೆ ನುಣ್ಣಗೆ, ಬಿಸಿಯಾಗಿತ್ತು. ಎಷ್ಟೋ ದಿನದ ಮೇಲೆ, ಬಿಸಿ ಎಂದು ನನ್ನ ಕೈಗೆ ಗೊತ್ತಾಯಿತು.

"ಬರೋ ವರ್ಷ ಎರಡು ಕೇಳು," ಎಂದರು ಕಣ್ಣು ಮುಚ್ಚಿಕೊಂಡೇ.

"ಒಂದೂವರೆ," ಎಂದೆ.

ಸ್ವಲ್ಪ ಯೋಚನೆ ಮಾಡಿ, ಆಗಲಿ ಎಂದರು.