ಏಳರಿಂದ ಒಂಬತ್ತರ ಗಾಳಿ

ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಳಕೈವರೆಗೆ ಒಂದು ಕೂದಲೂ ಇರಲಿಲ್ಲ. ಇದ್ದಿಲ ಝಳಕ್ಕೆ ಚರ್ಮ ನುಣುಪಾಗಿ ಹೊಳೆಯುತ್ತಿತ್ತು.

ಬಟವಾಡಿಯಲ್ಲಿ ಆ ಹಿರಿಯರದು ಇಸ್ತ್ರಿ ಅಂಗಡಿ. ಅವರ ಟಾರ್ಪಾಲಿನ ಒಂದು ಮೂಲೆ ಕಟ್ಟಿದ್ದ ದೀಪದ ಕಂಬಕ್ಕೇ ನಾವು ಸೆನ್ಸರ್ ಪೆಟ್ಟಿಗೆ ಹಾಕಿದ್ದೆವು. ತುಮಕೂರಿನ ಹಲವು ಕಡೆ ಇಂಥ ಪೆಟ್ಟಿಗೆಗಳಿವೆ. ಗಾಳಿಯಲ್ಲಿನ ಹೊಗೆ, ದೂಳು ಅಳೆದು ಸದಾಶಿವನಗರದ ನಮ್ಮ ಆಫೀಸಿಗೆ ಕಳಿಸುತ್ತವೆ. ಮಿತಿ ಮೀರಿದರೆ ಕಂಬದ ಪಕ್ಕದ ಅಂಗಡಿಯವರ ಫೋನಿಗೆ ಎಚ್ಚರಿಕೆ ಹೋಗುತ್ತದೆ. ಅಂಕಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ.

ನಾನು ಏಣಿ ಹತ್ತಿದ್ದಾಗ ಅವರು ನನ್ನ ದುಪಟ್ಟಾ ಕೇಳಿ ತೆಗೆದುಕೊಂಡು, ಇಳಿಯುವಷ್ಟರಲ್ಲಿ ಇಸ್ತ್ರಿ ಮಾಡಿಟ್ಟಿದ್ದರು. "ಊರಿನ್ ಗಾಳಿ ಅಳೆಯೋರು ಸುಕ್ಕು ಬಟ್ಟೆ ಹಾಕ್ಕಂಡು ಓಡಾಡ್ಬಾರ್ದು ಕಣವ್ವಾ."

ಮೊದಲ ವಾರವೇ ಅಲ್ಲಿನ ಅಂಕಿ ಬೆಳಿಗ್ಗೆ ಏಳು ಗಂಟೆಗೆ ಜಿಗಿಯತೊಡಗಿತು. ಹೋಗಿ ನೋಡಿದರೆ, ಪೆಟ್ಟಿಗೆಗೆ ಗಾಳಿ ಹೋಗುವ ಕಿಂಡಿಯ ಮೇಲೆ ವಿಭೂತಿಯ ಮೂರು ಗೆರೆ. ಅಂಗಡಿ ತೆಗೆದೊಡನೆ ಇಸ್ತ್ರಿಪೆಟ್ಟಿಗೆಗೆ ಹಚ್ಚಿ, ಸ್ಟೂಲು ಹತ್ತಿ ಅದೇ ಬೆರಳಲ್ಲಿ ಇದಕ್ಕೂ ಹಚ್ಚುತ್ತಿದ್ದರು.

"ಇದು ಮೂಗಿದ್ದಂಗೆ. ಬೂದಿ ಹೋದ್ರೆ ತಪ್ಪು ಲೆಕ್ಕ ಬರುತ್ತೆ," ಎಂದೆ.

"ಮೂಗಿರೋನ್ಗೆ ಹಣೆ ಇರಲ್ವಾ?" ಎಂದು ನಕ್ಕು, ಕೆಮ್ಮಿದರು. "ಆಗ್ಲಿ ಬುಡವ್ವಾ, ನಾಳೆಯಿಂದ ಹಚ್ಚಲ್ಲ."

ಒರೆಸಿ ಬಂದೆ. ಅಂಕಿ ಇಳಿಯಲಿಲ್ಲ. ಫೋನ್ ಮಾಡಿ, ಇನ್ನೂ ಹಚ್ತಿದೀರಾ ಎಂದು ಕೇಳಿದೆ.

"ಇಲ್ಲ ಕಣವ್ವಾ, ಅವತ್ತೇ ಬುಟ್ಟೆ."

ನಾನು ನಂಬಲಿಲ್ಲ. ವಯಸ್ಸಾದವರ ಅಭ್ಯಾಸ, ಮತ್ತೆ ಹೇಳಿ ನೋಯಿಸುವುದೇಕೆ ಎಂದುಕೊಂಡೆ. ಹೋಗಿ ನೋಡಲೂ ಇಲ್ಲ. ಆ ಪೆಟ್ಟಿಗೆಯ ಬೆಳಿಗ್ಗೆ ಏಳರಿಂದ ಒಂಬತ್ತರವರೆಗಿನ ಅಂಕಿಗಳನ್ನು ಬಿಟ್ಟುಬಿಡುವಂತೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಬರೆದೆ.

ಏಳೆಂಟು ತಿಂಗಳ ಮೇಲೆ ಅವರ ನಂಬರಿನಿಂದ ಅವರ ಹೆಂಡತಿ ಫೋನ್ ಮಾಡಿದರು. ಶ್ವಾಸಕೋಶ ಪೂರ್ತಿ ಹೋಗಿ ಅವರು ತೀರಿಕೊಂಡಿದ್ದರಂತೆ. ಮನೆಗೆ ಹೋದೆ. ಆಕೆ ನನಗೆ ನೀರು ಕೊಟ್ಟು ಹೇಳಿದರು: "ನೀವು ಬ್ಯಾಡ ಅಂದ ದಿನದಿಂದ ಅದನ್ನ ಮುಟ್ಲಿಲ್ಲ. ದೂರದಿಂದ್ಲೇ ಕೈ ಮುಗಿಯೋರು. ಮೇಡಮ್ಮಿನ ಲೆಕ್ಕ ಕೆಟ್ಟೋಯ್ತದೆ ಅನ್ನೋರು."

ಸಂಜೆ ಆಫೀಸಿನಲ್ಲಿ ಆ ಸಾಲನ್ನು ಅಳಿಸಿದೆ. ಬಿಟ್ಟಿದ್ದ ಅಂಕಿಗಳೆಲ್ಲ ತೆರೆಗೆ ಬಂದವು. ಟಾರ್ಪಾಲಿನ ಕೆಳಗೆ ಅವರು ಇದ್ದಿಲು ಹೊತ್ತಿಸಿ ಬೀಸುತ್ತಿದ್ದ ಹೊತ್ತಿನಲ್ಲಿ, ಊರಿನ ಯಾವ ಪೆಟ್ಟಿಗೆಯಲ್ಲೂ ಇಲ್ಲದಷ್ಟು ಹೊಗೆ. ಅಂಗಡಿ ಮುಚ್ಚಿದ ಭಾನುವಾರಗಳಲ್ಲಿ ಮಾತ್ರ ಇಳಿದಿತ್ತು. ಆ ಸಾಲು ಬರೆದ ಮೇಲೆ ಅವರ ಫೋನಿಗೆ ಒಂದೂ ಎಚ್ಚರಿಕೆ ಹೋಗಿರಲಿಲ್ಲ. ಹೋಗಿದ್ದರೆ ಅವರು ಉಳಿಯುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ.

ಕೆಲವು ದಿನ ಕಳೆದು, ಆಕೆಯೇ ಅಂಗಡಿ ತೆಗೆಯುತ್ತಾರೆಂದು ತಿಳಿಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ಮೊದಲೇ ಹೋದೆ. ಆಕೆ ಇದ್ದಿಲು ತುಂಬುತ್ತಿದ್ದರು. ನಾನು ಮಾಡಿದ್ದನ್ನು ಹೇಳಿದೆ. ಆಕೆ ಕೈಯಲ್ಲಿದ್ದ ಇದ್ದಿಲನ್ನು ಕೆಳಗಿಟ್ಟರು. ನಾನು ಏಣಿ ಹಾಕಿ, ಹೊಗೆ ಮೇಲೆ ಹೋಗಲೆಂದು ಟಾರ್ಪಾಲಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದೆ.